ಫೌಂಟನ್ಸ್ ಅಬ್ಬೆ: ಚರ್ಚಿಗೆ ಮೊದಲು ಊಟದ ಮನೆ ನೋಡಿ

ಇಂಗ್ಲೆಂಡಿನ ಯಾರ್ಕ್‌ಶೈರಿನ ರಿಪನ್ ಹತ್ತಿರದ ಈ ಪಾಳುಮಠಕ್ಕೆ ಬರುವ ಹಲವರು ನೇರ ಚರ್ಚಿಗೆ ಹೋಗಿ, ಗೋಪುರದ ಫೋಟೊ ಹೊಡೆದು, ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಟಿಕೆಟ್ ದುಡ್ಡು ದಂಡ. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಮೊದಲು ದ್ವಾರಪಾಲಕನ ಮನೆಯಾಗಿದ್ದ ಪೋರ್ಟರ್ಸ್ ಲಾಡ್ಜಿನ ಪ್ರದರ್ಶನ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಚಾವಣಿಯಿಲ್ಲದ ಗೋಡೆಗಳೆಲ್ಲ ಒಂದೇ ಥರ ಕಾಣುತ್ತವೆ.

ಆಮೇಲೆ ಪಶ್ಚಿಮದ ಸೆಲ್ಲೇರಿಯಂ, ಅಂದರೆ ಮಠದ ಉಗ್ರಾಣದ ಕಟ್ಟಡ. ಸುಮಾರು 90 ಮೀಟರ್ ಉದ್ದ, ಕಮಾನು ಚಾವಣಿ ಇನ್ನೂ ಗಟ್ಟಿಯಾಗಿದೆ. ನೋಡುಗರು ಎಡವುವುದು ಇಲ್ಲೇ: ಈಗ ಒಂದೇ ಹಜಾರದಂತಿದ್ದರೂ ಆಗ ನಡುವೆ ಅಡ್ಡಗೋಡೆಗಳಿದ್ದವು. ಒಂದು ಕಡೆ ಉಗ್ರಾಣ, ಇನ್ನೊಂದು ಕಡೆ ಮಠದ ದುಡಿಮೆಗಾರ ಸೋದರರಾದ ಲೇ ಬ್ರದರ್‌ಗಳ ಊಟದ ಮನೆ. ಅವರು ಮಲಗುತ್ತಿದ್ದುದು ಮೇಲಂತಸ್ತಿನಲ್ಲಿ. ಹೊಲ, ಕುರಿ, ಉಣ್ಣೆಯ ದುಡಿಮೆ ಇವರದ್ದು. ಹಗಲಿಗೆ ಏಳು, ರಾತ್ರಿಗೆ ಒಂದು ಪ್ರಾರ್ಥನೆ ಹಾಡುವ ಹೊಣೆ ಸನ್ಯಾಸಿಗಳದ್ದು.

ನಮ್ಮ ಮೆಚ್ಚುಗೆ ಅಂಗಳದ ದಕ್ಷಿಣ ಬದಿಗೆ. ಅಲ್ಲಿನ ಸನ್ಯಾಸಿಗಳ ಊಟದ ಮನೆಯ ಬಾಗಿಲಿನ ಎರಡೂ ಪಕ್ಕ ಕೈತೊಳೆಯುವ ತೊಟ್ಟಿಗಳಿದ್ದ ಕಮಾನುಗಳಿವೆ. ಒಳಗೆ ಪಶ್ಚಿಮ ಗೋಡೆಯ ದಪ್ಪದಲ್ಲೇ ಮೆಟ್ಟಿಲು ಕೊರೆದಿದ್ದಾರೆ. ಒಬ್ಬ ಅದನ್ನು ಹತ್ತಿ ಗ್ರಂಥ ಓದಬೇಕು, ಉಳಿದವರು ತುಟಿ ಬಿಚ್ಚದೆ ಉಣ್ಣಬೇಕು. ಈ ಮನೆಯನ್ನು ಉತ್ತರ-ದಕ್ಷಿಣವಾಗಿ ಕಟ್ಟಿದ್ದರಿಂದ ಪಕ್ಕದಲ್ಲಿ ಅಡುಗೆಮನೆಗೆ ಜಾಗ ಸಿಕ್ಕಿತು. ಒಂದೇ ಒಲೆಮನೆಯಿಂದ ಸನ್ಯಾಸಿಗಳಿಗೂ ಲೇ ಬ್ರದರ್‌ಗಳಿಗೂ ಬಡಿಸಬಹುದಾಗಿತ್ತು. ಇನ್ನೊಂದು ಪಕ್ಕದಲ್ಲಿ ಬೆಂಕಿಮನೆ. ಭಾರಿ ಅಗ್ಗಿಷ್ಟಿಕೆಗಳು ಎರಡು, ಒಂದನ್ನು ಆಮೇಲೆ ಮುಚ್ಚಿದ್ದಾರೆ. ಚರ್ಚಿನಲ್ಲಾಗಲಿ ಮಲಗುವ ಕೋಣೆಯಲ್ಲಾಗಲಿ ಬೆಂಕಿ ಇಲ್ಲದ ಮಠಕ್ಕೆ ಇದು ಎಂಥ ಸುಖ ಎಂದು ಚಳಿಗಾಲದಲ್ಲಿ ಹೋದರೆ ಗೊತ್ತಾಗುತ್ತದೆ. ಅದರ ಮೇಲಿನ ಕೋಣೆಯಲ್ಲಿ ಮಠದ ದಾಖಲೆಪತ್ರಗಳು. ಕೆಳಗಿನ ಕಾವಿಗೆ ಚರ್ಮಪತ್ರಕ್ಕೆ ತೇವ ಹಿಡಿಯುತ್ತಿರಲಿಲ್ಲ!

ಗೋಪುರ ಕೊನೆಗಿರಲಿ. ಎತ್ತರ 50 ಮೀಟರಿನಷ್ಟು, ಕಟ್ಟಿಸಿದ್ದು ಮಠಾಧಿಪತಿ ಮಾರ್ಮಡ್ಯೂಕ್ ಹ್ಯೂಬಿ. 1132ರಲ್ಲಿ ಯಾರ್ಕಿನ ಮಠದ ಸಡಿಲ ಬದುಕು ಸಾಕೆಂದು 13 ಸನ್ಯಾಸಿಗಳು ಹೊರಬಂದು ಕಟ್ಟಿದ ಮಠವಿದು. ಅವರು ಸೇರಿದ ಕಟ್ಟುನಿಟ್ಟಿನ ಸಿಸ್ಟರ್ಸಿಯನ್ ಪಂಥಕ್ಕೆ ಮೊದಲು ಗೋಪುರವೇ ವರ್ಜ್ಯವಾಗಿತ್ತು; ಹ್ಯೂಬಿ ಅದನ್ನು ಮೀರಿದ. 1539ರಲ್ಲಿ ದೊರೆ ಎಂಟನೇ ಹೆನ್ರಿ ಮಠವನ್ನು ಮುಚ್ಚಿಸಿದ ಮೇಲೆ ಚಾವಣಿಯ ಸೀಸ ಕಿತ್ತರು, ಮಿಕ್ಕ ಹಾಳು ಮಳೆಯದ್ದು.

ಸಂದರ್ಶಕರ ಕೇಂದ್ರದಿಂದ ಮಠಕ್ಕೆ ಇಳಿಜಾರು. ಮರಳುವಾಗ ಅಷ್ಟೂ ಏರಬೇಕು. ಮಂಡಿನೋವಿದ್ದವರಿಗೆ ಗಿರಣಿಯ ಬದಿಯ ಪಶ್ಚಿಮ ದ್ವಾರವೇ ವಾಸಿ. ಗಿರಣಿಯನ್ನು ಮಾತ್ರ ಬಿಡಬೇಡಿ: 12ನೇ ಶತಮಾನದ್ದು, ಮಠ ಹೋದ ಮೇಲೂ 20ನೇ ಶತಮಾನದವರೆಗೆ ದುಡಿದಿದೆ.