ನೇತ್ರಾಣಿಯೋ, ಹ್ಯಾವ್ಲಾಕೋ? ಎರಡೂ ಕಡೆ ಮುಳುಗಿ ಬಂದವನ ಮಾತು

ಮೀನು ನೋಡಬೇಕಾದರೆ ನಮ್ಮ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ, ಹವಳ ನೋಡಬೇಕಾದರೆ ಅಂಡಮಾನಿನ ಹ್ಯಾವ್ಲಾಕ್. ಎರಡೂ ಕಡೆ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮಾಡಿದ ಮೇಲೆ ನನಗೆ ಅನಿಸಿದ್ದು ಇಷ್ಟೇ.

ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಹೊಟ್ಟೆ ತುಂಬ ಬನ್ಸ್ ತಿಂದು ದೋಣಿ ಹತ್ತಿದ್ದು ನನ್ನದೇ ತಪ್ಪು. ದ್ವೀಪ ಕಾಣುವ ಹೊತ್ತಿಗೆ ಅದೆಲ್ಲ ಸಮುದ್ರದ ಪಾಲಾಗಿತ್ತು. ನೀರಿಗೆ ಇಳಿದ ಮೇಲೆ ಮಾತ್ರ ವಾಂತಿ ನೆನಪಿಗೂ ಬರಲಿಲ್ಲ.

ಇಲ್ಲಿ ಹವಳದ ತೋಟ ಅಂತ ಏನಿಲ್ಲ. ದೊಡ್ಡ ಬಂಡೆಗಳ ಮೇಲೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಹವಳ ಹಿಡಿದಿದೆ, ಅಷ್ಟೇ. ಆದರೆ ಆ ಬಂಡೆಗಳ ಸಂದುಗೊಂದಿಯಲ್ಲಿ ಎಷ್ಟೊಂದು ಸಂಸಾರ! ಮೀನು ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಮಲಗಿದ್ದನ್ನಷ್ಟೇ ಕಂಡಿದ್ದ ಮುರು ಮೀನು, ಬಿರುಕಿನೊಳಗಿಂದ ನನ್ನನ್ನೇ ದುರುಗುಟ್ಟಿ ನೋಡಿತು. ತಲೆಯ ಮೇಲೆ ಬರಾಕುಡಗಳ ಹಿಂಡು. ಪಕ್ಕದಲ್ಲಿ ಗಿಣಿ ಮೀನು ಬಂಡೆ ಕೆರೆಯುವ ಕಟಕಟ ಸದ್ದು. ಅದು ಕೆರೆಯುವುದು ಪಾಚಿಗಾಗಿ. ಜೊತೆಗೆ ನುಂಗಿದ ಹವಳದ ಸುಣ್ಣ ಹಿಂದಿನಿಂದ ಮರಳಾಗಿ ಹೊರಬೀಳುತ್ತದೆ. ನಾವು ಫೋಟೋ ತೆಗೆಸಿಕೊಳ್ಳುವ ಹವಳ ದ್ವೀಪಗಳ ಬಿಳಿ ಮರಳಲ್ಲಿ ಇದರ ಪಾಲೂ ಇದೆ!

ಬೇಜಾರಾದ ಒಂದು ಸಂಗತಿ: ಒಂದು ದೋಣಿಯವರು ಲಂಗರನ್ನು ಸೀದಾ ಹವಳದ ಮೇಲೆ ಬಿಟ್ಟರು. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯದ ಗುಂಡು ಹವಳ ಅದು. ಎಷ್ಟು ವರ್ಷದ ದುಡಿಮೆ ಹೋಯಿತೋ.

ಹ್ಯಾವ್ಲಾಕಿಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಖರ್ಚು ಜಾಸ್ತಿ. ವಿಮಾನ, ಆಮೇಲೆ ಪೋರ್ಟ್ ಬ್ಲೇರಿನಿಂದ (ಈಗ ಶ್ರೀ ವಿಜಯ ಪುರಂ) ಫೆರಿ. ಆದರೆ ದೋಣಿಯ ಕಾಟ ಇಲ್ಲದೆ ದಡದಿಂದ ನಡೆದೇ ನೀರಿಗಿಳಿಯುವ ಜಾಗಗಳಿವೆ. ಈಜು ಬಾರದ ನನ್ನಕ್ಕ ಕೂಡ ಟ್ರೈನರ್ ಕೈ ಹಿಡಿದು ನೀಮೋ ಮೀನು ನೋಡಿ ಬಂದಳು. ಜಿಂಕೆ ಕೊಂಬಿನಂಥ ಹವಳ, ತಟ್ಟೆಯಂಥ ಹವಳ, ಮೆದುಳಿನಂಥ ಹವಳ, ಎಲ್ಲ ಅಕ್ಕಪಕ್ಕ. ನೀರೂ ಹೆಚ್ಚು ತಿಳಿ.

ಹಾಗಂತ ಎಲ್ಲ ಬಣ್ಣಬಣ್ಣ ಅಂದುಕೊಳ್ಳಬೇಡಿ. ನಡುನಡುವೆ ಬೂದು ಬಣ್ಣದ ಮುರುಕು ರಾಶಿಗಳಿವೆ. ಹವಳದ ಮೈಯೊಳಗಿನ ಸಣ್ಣ ಪಾಚಿಯೇ ಅದಕ್ಕೆ ಅನ್ನ, ಬಣ್ಣ ಎರಡೂ. ನೀರಿನ ಬಿಸಿ ಬೇಸಿಗೆಯ ಮಾಮೂಲಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. 2010ರಲ್ಲೂ 2016ರಲ್ಲೂ ಅಂಡಮಾನಿನಲ್ಲಿ ಹವಳ ಹೀಗೆ ಬೆಳ್ಳಗಾಗಿತ್ತು.

ಯಾವಾಗ ಹೋಗಬೇಕು ಅಂದರೆ, ನೇತ್ರಾಣಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್.

ಸ್ಕೂಬಾ ಆದ ಮೇಲೆ 18 ಗಂಟೆ ವಿಮಾನ ಹತ್ತಬಾರದು ಅಂತ ಹ್ಯಾವ್ಲಾಕಿನಲ್ಲಿ ಎಲ್ಲರೂ ಹೇಳುತ್ತಾರೆ. ಮುಳುಗಿದಾಗ ಮೈಯಲ್ಲಿ ಕರಗಿದ ಸಾರಜನಕ, ಎತ್ತರಕ್ಕೆ ಹೋಗಿ ಗಾಳಿಯ ಒತ್ತಡ ಇಳಿದಾಗ ಗುಳ್ಳೆಯಾಗಿ ಅಪಾಯ ತರಬಹುದು. ನೇತ್ರಾಣಿಗೆ ಹೋದವರು ಇದು ತಮಗಲ್ಲ ಅಂದುಕೊಂಡು ಅವತ್ತೇ ರಾತ್ರಿ ಬಸ್ ಹತ್ತುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ವಾ? ಘಟ್ಟ ಹತ್ತುವುದಕ್ಕೂ ಇದೇ ಎಚ್ಚರ ಬೇಕು. ನಾನು ಎರಡನೇ ಸಲ ಹೋದಾಗ ಮುರ್ಡೇಶ್ವರದಲ್ಲೇ ಒಂದು ದಿನ ಉಳಿದೆ. ಬನ್ಸ್ ಮಾತ್ರ ಡೈವ್ ಮುಗಿದ ಮೇಲೆ ತಿಂದೆ.