ನಕ್ಷೆಯ ಟೈಲ್ ಒದಗಿಸಲು ಮೂರು ದಾರಿ: ನನ್ನ ಮತ ಎಂಬಿಟೈಲ್ಸ್‌ಗೆ

ವೆಬ್ ನಕ್ಷೆಗೆ ರಾಸ್ಟರ್ ಟೈಲ್ (ಜೋಡಿಸಿದರೆ ನಕ್ಷೆಯಾಗುವ ಪುಟ್ಟ ಚೌಕ ಚಿತ್ರಗಳು) ಒದಗಿಸಲು ಮೂರು ವ್ಯವಸ್ಥೆಗಳನ್ನು ಬಳಸಿ ನೋಡಿದ್ದೇನೆ: ಹಣ ಕೊಟ್ಟು ಬೇರೆಯವರಿಂದ ಟೈಲ್ ಪಡೆಯುವ ಸೇವೆ (ಎಪಿಐ) ಮತ್ತು ಅದರ ಮುಂದೆ ಒಮ್ಮೆ ಬಂದ ಟೈಲನ್ನು ಕೂಡಿಡುವ ನಮ್ಮದೇ ಕ್ಯಾಶ್, ಕೇಳಿದಾಗಲೇ ಚಿತ್ರ ಬಿಡಿಸುವ ಸ್ವಂತ ಸರ್ವರ್, ಎಲ್ಲವನ್ನೂ ಮೊದಲೇ ಬಿಡಿಸಿಟ್ಟ ಎಂಬಿಟೈಲ್ಸ್ ಕಡತ. ಈಗ ಉಳಿಸಿಕೊಂಡಿರುವುದು ಮೂರನೆಯದನ್ನು. ಸೀಮಿತ ಪ್ರದೇಶದ ನಕ್ಷೆ ನಡೆಸುವವರಿಗೆ ಇಷ್ಟು ನೆಮ್ಮದಿಯ ದಾರಿ ಬೇರೆ ಕಂಡಿಲ್ಲ.

ಎಪಿಐ ಜೋಡಿಸುವುದು ಸುಲಭ, ನಕ್ಷೆಯೂ ಚೆಂದ. ಆದರೆ ಪ್ರತಿ ಕೋರಿಕೆಗೂ ಲೆಕ್ಕ ಬೀಳುವುದರಿಂದ ನಡುವೆ ಎನ್‌ಜಿನ್ಎಕ್ಸ್ ಎಂಬ ವೆಬ್ ಸರ್ವರ್‌ನ ಕ್ಯಾಶ್ ಇಡಬೇಕಾಯಿತು. ತೊಡಕು ಶುರುವಾದದ್ದು ಅಲ್ಲಿಂದಲೇ. ಟೈಲ್ ವಿಳಾಸದ ಕೊನೆಯಲ್ಲಿ ಬಳಕೆದಾರರಿಗೆ ತಕ್ಕಂತೆ ಬದಲಾಗುವ ಟೋಕನ್ (ಗುರುತಿನ ಸಂಕೇತ) ಇತ್ತು. ಬೇರೆ ಸೂಚನೆ ಕೊಡದಿದ್ದರೆ ಎನ್‌ಜಿನ್ಎಕ್ಸ್ ಇಡೀ ವಿಳಾಸವನ್ನೇ ಕ್ಯಾಶ್ ಕೀ (ಕೂಡಿಟ್ಟದ್ದನ್ನು ಹುಡುಕುವ ಹೆಸರು) ಮಾಡಿಕೊಳ್ಳುತ್ತದೆ. ಹಾಗಾಗಿ ಅದೇ ಕೆರೆಯ ಅದೇ ಚಿತ್ರ ಎಷ್ಟು ಟೋಕನ್‌ಗಳಿವೆಯೋ ಅಷ್ಟು ಪ್ರತಿಗಳಾಗಿ ಡಿಸ್ಕ್ ತುಂಬುತ್ತಿತ್ತು. ಬಿಲ್ ಮಾತ್ರ ಇಳಿಯಲಿಲ್ಲ. ಟೋಕನ್ ಬಿಟ್ಟು ಶೈಲಿ, ಜೂಮ್, ಎಕ್ಸ್, ವೈ (ಟೈಲ್ ಇರುವ ಕಂಬಸಾಲು, ಅಡ್ಡಸಾಲು) ಇಷ್ಟರಿಂದಲೇ ಕೀ ಕಟ್ಟಿದಾಗ ಆ ಕಾಟ ತಪ್ಪಿತು.

ಆದರೂ ಲಾಗ್ ತುಂಬ 'ಮಿಸ್', ಅಂದರೆ ಕ್ಯಾಶ್‌ನಲ್ಲಿ ಸಿಗಲಿಲ್ಲ ಎಂಬ ಸಾಲುಗಳೇ. ಎಪಿಐ ಉತ್ತರದ ಜೊತೆ ಕುಕಿ ಇಡಲು ಹೇಳುವ ಸಾಲು (ಹೆಡರ್) ಬಂದರೆ ಎನ್‌ಜಿನ್ಎಕ್ಸ್ ಅದನ್ನು ಕೂಡಿಡುವುದಿಲ್ಲ. ಆ ಹೆಡರನ್ನು ಕಡೆಗಣಿಸಲೂ ಮರೆಮಾಡಲೂ ಹೇಳಬೇಕು. ಅದಾದ ಮೇಲೆ ಇನ್ನೊಂದು: ಕೂಡಿಟ್ಟ ಟೈಲನ್ನು 10 ನಿಮಿಷ ಯಾರೂ ಕೇಳದಿದ್ದರೆ, ಅವಧಿ ವಾರಗಟ್ಟಲೆ ಉಳಿದಿದ್ದರೂ ಅದು ಅಳಿಸಿಹೋಗುತ್ತದೆ. 'ಇನ್‌ಆಕ್ಟಿವ್' ಎಂಬ ಸೆಟ್ಟಿಂಗ್‌ನ ಅವಧಿ ನಾವು ಬದಲಿಸದಿದ್ದರೆ ಅಷ್ಟೇ. ಜನ ಸದಾ ನೋಡುವ ನಗರದ ನಡುಭಾಗ ಉಳಿಯುತ್ತದೆ, ಅಪರೂಪಕ್ಕೊಮ್ಮೆ ತೆರೆಯುವ ಹೊರವಲಯ ಪ್ರತಿ ಸಲವೂ ಹೊಸದಾಗಿ ಬರುತ್ತದೆ. ಇಷ್ಟೆಲ್ಲ ಸರಿಪಡಿಸಿದರೂ ಸೇವೆಯ ಷರತ್ತುಗಳನ್ನು ಓದಲೇಬೇಕು: ನಡುವಿನ ಸರ್ವರ್‌ನಲ್ಲಿ ಟೈಲ್ ಕೂಡಿಡಲು ಒಪ್ಪದವರು ಹಲವರಿದ್ದಾರೆ.

ಮ್ಯಾಪ್‌ನಿಕ್, ರೆಂಡರ್‌ಡಿ, ಮಾಡ್‌ಟೈಲ್ ಎಂಬ ತಂತ್ರಾಂಶಗಳು ಕೂಡಿದ ಸ್ವಂತ ಸರ್ವರ್ ಗಟ್ಟಿಯಾದದ್ದು. 8×8 ಟೈಲ್‌ಗಳನ್ನು ಒಟ್ಟಿಗೆ ಬಿಡಿಸುವುದರಿಂದ ಪಕ್ಕದ ಟೈಲ್ ತಕ್ಷಣ ಸಿಗುತ್ತದೆ. ಆದರೆ ಅದರ ಹಿಂದಿನ ಪೋಸ್ಟ್‌ಜಿಐಎಸ್ ಎಂಬ ಭೂಮಾಹಿತಿಯ ದತ್ತಸಂಚಯವನ್ನು ಸದಾ ನೋಡಿಕೊಳ್ಳಲು ನನಗೆ ಬಿಡುವಿಲ್ಲ.

ಎಂಬಿಟೈಲ್ಸ್ ಎಂದರೆ ಇಡೀ ದತ್ತಸಂಚಯ ಅಡಗಿರುವ ಒಂದೇ ಒಂದು ಎಸ್‌ಕ್ಯೂಲೈಟ್ ಕಡತ. ನಕಲು ಮಾಡಿದರೆ ಬ್ಯಾಕಪ್ ಮುಗಿಯಿತು. ಒಂದೇ ತರಹದ ನೀಲಿ ಸಮುದ್ರದ ಚಿತ್ರವನ್ನು ಒಮ್ಮೆ ಮಾತ್ರ ಇಟ್ಟು, ಸಾವಿರಾರು ಟೈಲ್‌ಗಳಿಂದ ಅದಕ್ಕೇ ಕೈತೋರಿಸಬಹುದು. ಇದರಲ್ಲಿ ವೈ ಎಣಿಕೆ ಕೆಳಗಿನಿಂದ ಮೇಲಕ್ಕೆ, ಬ್ರೌಸರ್‌ನದು ಮೇಲಿನಿಂದ ಕೆಳಕ್ಕೆ: ಜೂಮ್ 14ರಲ್ಲಿ ಬ್ರೌಸರ್ 7582 ಕೇಳಿದರೆ ಆ ಜೂಮ್‌ನ ಕೊನೆಯ ಸಾಲಾದ 16383ರಿಂದ ಅದನ್ನು ಕಳೆದು 8801ನೆಯ ಸಾಲು ಕೊಡಬೇಕು. ಹೆಚ್ಚಿನ ಟೈಲ್ ಸರ್ವರ್‌ಗಳು ಇದನ್ನು ತಾವೇ ಮಾಡುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಸಾರ್ವಜನಿಕ ಸರ್ವರ್‌ನಿಂದ ಟೈಲ್‌ಗಳನ್ನು ಸಗಟಾಗಿ ಇಳಿಸಿ ಕಡತ ತುಂಬಿಸಲು ಅವರ ನಿಯಮ ಬಿಡುವುದಿಲ್ಲ. ದತ್ತಾಂಶ ತಂದು ನಾವೇ ಬಿಡಿಸಬೇಕು.

ಕ್ಯಾಶ್ ವಿಷಯದಲ್ಲಂತೂ ಇದು ನನ್ನ ಮನಸ್ಸು ಗೆದ್ದಿದೆ. ವಿಳಾಸದಲ್ಲೇ ಆವೃತ್ತಿಯ ಸಂಖ್ಯೆ ಸೇರಿಸಿ, ಒಂದು ವರ್ಷ ಇಟ್ಟುಕೊಳ್ಳಿ ಎಂದು ಬ್ರೌಸರ್‌ಗೆ ಹೇಳುತ್ತೇನೆ. ಹೊಸ ಕಡತ ಬಂದಾಗ ಸಂಖ್ಯೆ ಬದಲಿಸಿದರೆ ಸಾಕು, ಹಳೆಯದನ್ನು ಹುಡುಕಿ ಅಳಿಸುವ ಕೆಲಸವಿಲ್ಲ.

ನನ್ನ ನಕ್ಷೆ ಅಪರೂಪಕ್ಕೆ ಬದಲಾಗುತ್ತದೆ, ತಿಂಗಳ ಖರ್ಚು ಏರಿಳಿದರೆ ನನಗೆ ಆಗದು. ಗಂಟೆಗೊಮ್ಮೆ ಬದಲಾಗುವ ದತ್ತಾಂಶವಿದ್ದರೆ ಸ್ವಂತ ಸರ್ವರ್‌ನ ಕಷ್ಟವನ್ನೇ ಹೊರುವುದು ವಾಸಿ. ಎಂಬಿಟೈಲ್ಸ್ ಆರಿಸಿದರೆ ಜೂಮ್ ಮಿತಿಯನ್ನು ಮೊದಲೇ ಗೊತ್ತುಮಾಡಿ: ಒಂದು ಹಂತ ಹೆಚ್ಚಿದರೆ ಟೈಲ್‌ಗಳು ನಾಲ್ಕು ಪಟ್ಟಾಗುತ್ತವೆ. ನಾನು 16ಕ್ಕೆ ನಿಲ್ಲಿಸಿ, ಅದರಾಚೆಗೆ ಅದೇ ಚಿತ್ರವನ್ನು ಹಿಗ್ಗಿಸಲು ಬ್ರೌಸರ್‌ನಲ್ಲಿ ನಕ್ಷೆ ತೋರಿಸುವ ಲೀಫ್ಲೆಟ್ ಲೈಬ್ರರಿಗೆ ಬಿಟ್ಟಿದ್ದೇನೆ.