ಹಿಂಬದಿಯ ಗೋಡೆಗೆ ಯಾವ ಡಿಫ್ಯೂಸರ್? ಒಂದೇ ಕೋಣೆಯಲ್ಲಿ ಐದು ಬಗೆಗಳ ಹೋಲಿಕೆ

ಸಣ್ಣ ಕೋಣೆಯಲ್ಲಿ ಸಂಗೀತ ಕೇಳುವವರು ಧ್ವನಿ ಹೀರುವ ಫಲಕಗಳನ್ನೇ ಗೋಡೆಯ ತುಂಬ ಹಚ್ಚುತ್ತ ಹೋದರೆ ಮಾರ್ದನಿಯೇನೋ ಅಡಗುತ್ತದೆ, ಆದರೆ ಅದರೊಡನೆ ಸಂಗೀತದ ಕಳೆಯೂ ಕುಂದುತ್ತದೆ. ಧ್ವನಿಯನ್ನು ಹೀರದೆ ನಾನಾ ದಿಕ್ಕಿಗೆ ಚದುರಿಸುವ ಡಿಫ್ಯೂಸರ್‌ಗಳ ಕಡೆಗೆ ಗಮನ ಹೊರಳುವುದು ಈ ಹಂತದಲ್ಲಿಯೇ. ಆ ಒಂದೇ ಹೆಸರಿನಲ್ಲಿ ಸಿಗುವ ಫಲಕಗಳು ರಚನೆಯಲ್ಲಿಯೂ ಕೆಲಸದಲ್ಲಿಯೂ ತೀರ ಬೇರೆಬೇರೆಯಾಗಿರುವುದರಿಂದ ಅವುಗಳಲ್ಲಿ ನಾಲ್ಕನ್ನು, ಜೊತೆಗೆ ಹಲವರು ಸೂಚಿಸುವ ಪುಸ್ತಕದ ಕಪಾಟನ್ನು, ಒಂದೇ ಗೋಡೆಯ ಮೇಲೆ ಒಂದಾದ ಮೇಲೊಂದರಂತೆ ಇರಿಸಿ ಪರೀಕ್ಷಿಸಿದೆ.

ಕೋಣೆಯ ಉದ್ದ 4.2 ಮೀಟರ್, ಅಗಲ 3.2 ಮೀಟರ್. ಕೇಳುವ ಕುರ್ಚಿ ಹಿಂಬದಿಯ ಗೋಡೆಯಿಂದ ಒಂದು ಮೀಟರ್ ಮುಂದಿದೆ. ಸ್ಪೀಕರ್ ಮತ್ತು ಕುರ್ಚಿಯ ಜಾಗವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ ಕೊನೆಯವರೆಗೂ ಕದಲಿಸಲಿಲ್ಲ. ಬರಿಗೋಡೆ ಇದ್ದಾಗ ಚಪ್ಪಾಳೆ ತಟ್ಟಿದರೆ ಎದುರುಬದುರಾದ ಗೋಡೆಗಳ ನಡುವೆ ಸದ್ದು ಓಡಾಡಿ, ಲೋಹದ ತಂತಿ ಮಿಡಿದಂತಹ ‘ಝ್ರಿಂ’ ಎಂಬ ನಾದ ಉಳಿಯುತ್ತಿತ್ತು. 4.2 ಮೀಟರ್ ದೂರವನ್ನು ಹೋಗಿ ಬರಲು ಧ್ವನಿಗೆ ಸುಮಾರು 24 ಮಿಲಿಸೆಕೆಂಡ್ ಸಾಕು. ಈ ಓಡಾಟವನ್ನು ಮುರಿಯುವುದು ಮೊದಲ ಉದ್ದೇಶ. ಕುರ್ಚಿಯ ಹಿಂದಿನಿಂದ, ನೇರ ಧ್ವನಿಗಿಂತ ಆರು ಮಿಲಿಸೆಕೆಂಡ್‌ಗಳಷ್ಟೇ ತಡವಾಗಿ ಬರುವ ಪ್ರತಿಫಲನವನ್ನು ಮೆದುವಾಗಿಸುವುದು ಎರಡನೆಯದು. ಅಳತೆಗೆ ಮೈಕ್ರೊಫೋನ್ ಮತ್ತು ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶವನ್ನು ಬಳಸಿದೆ. ಆದರೂ ತೀರ್ಪಿನಲ್ಲಿ ಕಿವಿಗೇ ಹೆಚ್ಚು ಬೆಲೆ ಕೊಟ್ಟಿದ್ದೇನೆ, ಏಕೆಂದರೆ ಅಳತೆಯ ನಕ್ಷೆಯಲ್ಲಿ ಸಮನಾಗಿ ಕಾಣುವ ಎರಡು ಪ್ರತಿಫಲನಗಳು ಕೇಳಲು ಒಂದೇ ತೆರನಾಗಿರುವುದಿಲ್ಲ.

ಮೊದಲಿಗೆ ಎಲ್ಲರ ಬಾಯಲ್ಲಿರುವ ಕ್ಯೂಆರ್‌ಡಿ, ಅಂದರೆ ಕ್ವಾಡ್ರಾಟಿಕ್ ರೆಸಿಡ್ಯೂ ಡಿಫ್ಯೂಸರ್. ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1970ರ ದಶಕದಲ್ಲಿ ಸಂಖ್ಯಾಸಿದ್ಧಾಂತದಿಂದ ರೂಪಿಸಿದ ವಿನ್ಯಾಸವಿದು. ಏಳು ಅಂಕಣಗಳ, ಅಂದರೆ ಬೇರೆಬೇರೆ ಆಳದ ಉದ್ದುದ್ದನೆಯ ಕುಳಿಗಳ, ಫಲಕದಲ್ಲಿ ಪ್ರತಿ ಅಂಕಣದ ಸೊನ್ನೆಯಿಂದ ಎಣಿಸಿದ ಕ್ರಮಸಂಖ್ಯೆಯನ್ನು ವರ್ಗ ಮಾಡಿ ಏಳರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಅಂಕಣದ ಆಳವನ್ನು ನಿರ್ಧರಿಸುತ್ತದೆ: 0, 1, 4, 2, 2, 4, 1. ವಿನ್ಯಾಸದ ಕಂಪನಾಂಕವನ್ನು, ಅಂದರೆ ಆಳಗಳ ಲೆಕ್ಕಕ್ಕೆ ಆಧಾರವಾದ ಕಂಪನಾಂಕವನ್ನು, 1000 ಹರ್ಟ್ಸ್ ಎಂದಿಟ್ಟುಕೊಂಡರೆ ಈ ಅಂಕಿಗಳ ಒಂದು ಘಟಕಕ್ಕೆ ಸುಮಾರು 2.45 ಸೆಂಟಿಮೀಟರ್, ಅತ್ಯಂತ ಆಳದ ಅಂಕಣಕ್ಕೆ ಹತ್ತು ಸೆಂಟಿಮೀಟರ್ ಬೇಕಾಗುತ್ತದೆ. ಅಂಕಣದ ಅಗಲ ಐದು ಸೆಂಟಿಮೀಟರ್ ಇದ್ದಾಗ ವಿನ್ಯಾಸದ ಲೆಕ್ಕ ಸುಮಾರು 3400 ಹರ್ಟ್ಸ್‌ವರೆಗೆ ಸಲ್ಲುತ್ತದೆ. ಅಂಕಣಗಳನ್ನು ಬೇರ್ಪಡಿಸುವ ತೆಳು ಹಲಗೆಗಳು ಅಲಂಕಾರಕ್ಕಲ್ಲ. ಅವು ಬುಡದವರೆಗೂ ಬಿಗಿಯಾಗಿ ಕೂರಬೇಕು. ಬುಡದಲ್ಲಿ ಬಿರುಕು ಉಳಿದರೆ ಚದುರಬೇಕಾದ ಧ್ವನಿಯ ಒಂದು ಪಾಲು ಅಲ್ಲಿಯೇ ಹೀರಲ್ಪಡುತ್ತದೆ. ಹಾಗಾಗಿ ಅಂಟು ಒಣಗಿದ ಮೇಲೆ ಪ್ರತಿ ಸಂದಿಗೂ ಮೇಣ ತುಂಬಿದ ನಂತರವೇ ಫಲಕಗಳನ್ನು ಗೋಡೆಗೆ ಏರಿಸಿದೆ.

ಇಂಥ ಮೂರು ಫಲಕಗಳು ಗೋಡೆ ಏರಿದೊಡನೆ ಚಪ್ಪಾಳೆಯ ನಾದ ಮಾಯವಾಯಿತು. ನಕ್ಷೆಯಲ್ಲಿಯೂ ಹಿಂಗೋಡೆಯ ಒಂಟಿ ಶಿಖರ ಕುಗ್ಗಿ ಹಲವು ಸಣ್ಣ ಗೆರೆಗಳಾಗಿ ಹರಡಿಕೊಂಡಿತು. ಇಷ್ಟಾದರೂ ಕುರ್ಚಿಯಲ್ಲಿ ಕುಳಿತು ಒಂಟಿ ಕಂಠವನ್ನು ಕೇಳಿದಾಗ ಸಮಾಧಾನವಾಗಲಿಲ್ಲ. ‘ಸ’ಕಾರ, ‘ಚ’ಕಾರಗಳ ಬೆನ್ನಿಗೆ ಕೊಳವೆಯೊಳಗಿಂದ ಬಂದಂತಹ ಕಿರಿದಾದ ಬಾಲವೊಂದು ಅಂಟಿಕೊಂಡಿತ್ತು, ತಲೆಯನ್ನು ಒಂದು ಗೇಣು ಸರಿಸಿದರೆ ಅದರ ಬಣ್ಣ ಬದಲಾಗುತ್ತಿತ್ತು. ಕಾರಣ ದೂರ. ಅಂಕಣಗಳಿಂದ ಬೇರೆಬೇರೆ ಹೊತ್ತಿಗೆ ಹೊರಡುವ ಅಲೆಗಳು ಕಲೆತು ಒಂದಾಗಲು ಜಾಗ ಬೇಕು. ಫಲಕ ಚದುರಿಸುವ ಅತಿ ಕೆಳಗಿನ ಕಂಪನಾಂಕದ ಮೂರು ತರಂಗದೂರದಷ್ಟಾದರೂ ಆಚೆ ಕುಳಿತಿರಬೇಕು ಎಂಬುದು ವಾಡಿಕೆಯ ಲೆಕ್ಕ. ಈ ಫಲಕ 700 ಹರ್ಟ್ಸ್‌ನಿಂದ ಕೆಲಸ ಶುರುಮಾಡುತ್ತದೆಂದು ಹಿಡಿದರೂ ಒಂದೂವರೆ ಮೀಟರ್ ಬೇಕು, ನನ್ನಲ್ಲಿ ಇದ್ದದ್ದು ಒಂದೇ. ಇನ್ನೊಂದು ತೊಡಕೆಂದರೆ, ಒಂದೇ ಕ್ರಮದ ಫಲಕಗಳನ್ನು ಸಾಲಾಗಿ ಜೋಡಿಸಿದರೆ ಆ ಪುನರಾವರ್ತನೆಯಿಂದಲೇ ಧ್ವನಿ ಕೆಲವು ನಿಗದಿತ ದಿಕ್ಕುಗಳಲ್ಲಿ ಗುಂಪುಗೂಡುತ್ತದೆ. ನಡುವಿನ ಫಲಕಕ್ಕೆ ತಿರುಗುಮುರುಗಾದ (ಸೊನ್ನೆಯನ್ನು ಬಿಟ್ಟು ಉಳಿದ ಅಂಕಿಗಳನ್ನು ಏಳರಿಂದ ಕಳೆದ) ಆಳಗಳನ್ನು ಕೊಟ್ಟು ಇದನ್ನು ತಪ್ಪಿಸಬಹುದು, ಆದರೆ ಆಗ ಅದರ ಆಳ ಹದಿನೈದು ಸೆಂಟಿಮೀಟರ್ ಮುಟ್ಟುತ್ತದೆ.

ಎತ್ತರ ತಗ್ಗುಗಳ ಮರದ ತುಂಡುಗಳನ್ನು ಚೌಕಚೌಕವಾಗಿ ಅಂಟಿಸಿದ ಸ್ಕೈಲೈನ್ ಫಲಕ ನೋಡಲು ಎಲ್ಲಕ್ಕಿಂತ ಚೆಂದ. ಕ್ಯೂಆರ್‌ಡಿ ಅಡ್ಡಡ್ಡಲಾಗಿ ಮಾತ್ರ ಚದುರಿಸಿದರೆ ಇದು ಮೇಲಕ್ಕೂ ಕೆಳಕ್ಕೂ ಚದುರಿಸುತ್ತದೆ. ಹೀಗಾಗಿ ಕುರ್ಚಿಗೆ ಮರಳುವ ಪಾಲು ಕಡಿಮೆಯಾಗಿ, ಹತ್ತಿರ ಕುಳಿತರೂ ಕೊಳವೆಯ ಬಣ್ಣ ಅಷ್ಟಾಗಿ ಕಾಡಲಿಲ್ಲ. ಆದರೆ ತಾರ ಸ್ವರಗಳು ತೆರೆದುಕೊಂಡಂತೆ ಮಧ್ಯದ ಸ್ವರಗಳು ತೆರೆದುಕೊಳ್ಳಲಿಲ್ಲ. ಇದೇ ಆಕಾರದ ಥರ್ಮೊಕೋಲ್ ಫಲಕವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹಗುರವಾದ ಆ ವಸ್ತು ಕೆಳಗಿನ ಕಂಪನಾಂಕಗಳನ್ನು ಮರದಷ್ಟು ದೃಢವಾಗಿ ಹಿಂದಿರುಗಿಸುವುದಿಲ್ಲ, ಅದನ್ನು ಗೋಡೆಯ ಅಲಂಕಾರವೆಂದೇ ಕೊಳ್ಳುವುದು ಮೇಲು.

ನನಗೆ ಹಿಡಿಸಿದ್ದು ಯಾರೂ ಅಷ್ಟಾಗಿ ಹೊಗಳದ ಕಮಾನು ಫಲಕ. ನಾಲ್ಕು ಮಿಲಿಮೀಟರ್ ಪ್ಲೈವುಡ್ಡನ್ನು ಉಬ್ಬುವ ಮುಖದ ಕಡೆಯಿಂದ ಒದ್ದೆ ಮಾಡಿ, ನಿಧಾನವಾಗಿ ಬಾಗಿಸಿ, ಅರುವತ್ತು ಸೆಂಟಿಮೀಟರ್ ಅಗಲದ ಚೌಕಟ್ಟಿಗೆ ಬಿಗಿದರೆ ಹದಿನೈದು ಸೆಂಟಿಮೀಟರ್ ಉಬ್ಬು ದೊರೆಯುತ್ತದೆ. ಒಳಗೆ ಟೊಳ್ಳು ಬಿಟ್ಟರೆ ಗೆಣ್ಣಿನಿಂದ ತಟ್ಟಿದಾಗ ಡೋಲಿನಂತೆ ಗುಂಯ್‌ಗುಡುತ್ತದೆ. ರಾಕ್‌ವುಲ್ (ಧ್ವನಿ ಹೀರುವ ಕಲ್ಲಿನ ನಾರು) ತುಂಬಿದೊಡನೆ ಆ ಗುಂಗು ಸತ್ತು, ಸ್ವಲ್ಪ ಮಂದ್ರ ಸ್ವರವನ್ನು ಹೀರುವ ಗುಣವೂ ಬರುತ್ತದೆ. ಇದರಲ್ಲಿ ಅಂಕಣಗಳಿಲ್ಲ, ಆದ್ದರಿಂದ ಧ್ವನಿ ಕಾಲದಲ್ಲಿ ಚೂರಾಗುವುದಿಲ್ಲ, ದಿಕ್ಕಿನಲ್ಲಿ ಮಾತ್ರ ಹರಡಿಕೊಳ್ಳುತ್ತದೆ. ನಕ್ಷೆಯನ್ನಷ್ಟೇ ನೋಡಿದರೆ ಕ್ಯೂಆರ್‌ಡಿಯೇ ಮೇಲು ಅನ್ನಿಸುತ್ತದೆ: ಇಲ್ಲಿ ಶಿಖರ ಕುಗ್ಗಿದೆಯೇ ಹೊರತು ಒಡೆದಿಲ್ಲ. ಆದರೆ ಒಂದು ಮೀಟರ್ ದೂರದಲ್ಲಿ ಕುಳಿತ ಕಿವಿಗೆ ಗೋಡೆ ಹಿಂದಕ್ಕೆ ಸರಿದಂತೆ ಭಾಸವಾಯಿತು, ಕಂಠಕ್ಕೆ ಯಾವ ಬಾಲವೂ ಅಂಟಲಿಲ್ಲ. ಹತ್ತಿರದಲ್ಲಿ ಅಕ್ಕಪಕ್ಕ ಎರಡು ಕಮಾನುಗಳನ್ನು ಇಡುವುದಾದರೆ ಒಂದನ್ನು ತುಸು ಕಿರಿದಾಗಿ ಮಾಡಿಸುವುದು ಒಳ್ಳೆಯದು.

ರಾಕ್‌ವುಲ್ ಮೇಲೆ ಅಸಮ ಅಗಲದ ಮರದ ಪಟ್ಟಿಗಳನ್ನು, ಅಸಮ ಅಂತರದಲ್ಲಿ ಹೊಡೆದ ಫಲಕ ಅರ್ಧ ಹೀರಿ ಅರ್ಧ ಚದುರಿಸುವಂಥದ್ದು. ಹಿಂಗೋಡೆಯಲ್ಲಿ ಅದು ಕೋಣೆಯನ್ನು ಮತ್ತೆ ಮಂಕಾಗಿಸಿತು. ಅದನ್ನೇ ಪಕ್ಕದ ಗೋಡೆಯ ಮೊದಲ ಪ್ರತಿಫಲನದ ಜಾಗಕ್ಕೆ, ಅಂದರೆ ಸ್ಪೀಕರ್‌ನ ಧ್ವನಿ ಗೋಡೆಗೆ ಒಮ್ಮೆ ಬಡಿದು ಕಿವಿಗೆ ಬರುವ ಜಾಗಕ್ಕೆ, ಒಯ್ದಾಗ, ಅಲ್ಲಿದ್ದ ಶುದ್ಧ ಹೀರುಫಲಕಕ್ಕಿಂತ ಸೊಗಸಾಗಿ ಕೆಲಸ ಮಾಡಿತು: ವಾದ್ಯಗಳ ಸ್ಥಾನ ಸ್ಪಷ್ಟವಾಗಿಯೇ ಉಳಿದು, ಸ್ಪೀಕರ್‌ಗಳ ನಡುವೆ ಕಿವಿಗೆ ಮೂಡುವ ವೇದಿಕೆಯ ಅಗಲವೂ ಉಳಿಯಿತು. ಪುಸ್ತಕದ ಕಪಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸಿದರೆ ಬರಿಗೋಡೆಗಿಂತ ವಾಸಿ, ಸಮನಾಗಿ ಜೋಡಿಸಿದರೆ ಅದೂ ಒಂದು ಗೋಡೆಯೇ.

ಐದರಲ್ಲಿ ಯಾವುದೂ 41 ಹರ್ಟ್ಸ್ ಬಳಿ ಈ ಕೋಣೆಯ ಉದ್ದದಿಂದ ಏಳುವ ಗುಂಗನ್ನು ಮುಟ್ಟಲಿಲ್ಲ. ಅಲ್ಲಿನ ತರಂಗದೂರ ಎಂಟು ಮೀಟರ್ ದಾಟುವುದರಿಂದ ಹತ್ತು ಹದಿನೈದು ಸೆಂಟಿಮೀಟರ್ ಆಳದ ಯಾವ ಫಲಕವನ್ನೂ ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಮೂಲೆಗಳಲ್ಲಿ ಮಂದ್ರ ಧ್ವನಿಯನ್ನು ಹೀರುವ ದಪ್ಪನೆಯ ಬಾಸ್ ಟ್ರ್ಯಾಪ್ ಬೇಕು, ಇಲ್ಲವೇ ಕುರ್ಚಿ ಜರುಗಬೇಕು.

ಈಗ ಹಿಂಗೋಡೆಯಲ್ಲಿ ಎರಡು ಕಮಾನುಗಳಿವೆ. ಕ್ಯೂಆರ್‌ಡಿಗಳನ್ನು ಮಾರಲಿಲ್ಲ, ಸ್ಪೀಕರ್‌ಗಳ ನಡುವಣ ಮುಂಗೋಡೆಗೆ ಬದಲಾಯಿಸಿದೆ. ಅಲ್ಲಿಂದ ಕುರ್ಚಿಗೆ ಮೂರು ಮೀಟರ್‌ಗಿಂತ ಹೆಚ್ಚು ದೂರವಿರುವುದರಿಂದ ಚದುರಿದ ಅಲೆಗಳಿಗೆ ಕಲೆಯಲು ಎಡೆ ಸಿಗುತ್ತದೆ. ಹಿಂಗೋಡೆಯಲ್ಲಿ ಸಹಿಸಲಾಗದ ಅದೇ ಫಲಕಗಳಿಂದ ಇಲ್ಲಿ ಹಾಡಿನ ಹಿನ್ನೆಲೆಗೆ ಒಳ್ಳೆಯ ಆಳ ಬಂದಿದೆ.